ಮೆಣಸಿನಕಾಯಿಯಲ್ಲಿ ಮದ್ದು ಕಂಡ ವಿಜ್ಞಾನಿ

ಮಕ್ಕಳೇ, ರೊಟ್ಟಿಯ ಜೊತೆ ರಂಜಕ ತಿಂದಿದ್ದೀರಲ್ಲವೇ? ಹಣ್ಣಾದ ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ಲಿಂಬೆರಸ ಸೇರಿಸಿ ಅರೆದ ಚಟ್ನಿ ಅದು. ನಾಲಿಗೆ ಚುರುಗುಟ್ಟುತ್ತದೆ, ಮೂಗು ಸೋರುತ್ತದೆ, ಆದರೂ ಇನ್ನೊಂದು ತುತ್ತು ಬೇಕೆನಿಸುತ್ತದೆ. ಈ ಕಾಯಿಯೊಳಗೆ ಖಾರದ ಜೊತೆಗೆ ಇನ್ನೊಂದು ವಸ್ತುವೂ ಅಡಗಿದೆ. ಅದನ್ನು ಬೇರ್ಪಡಿಸಿದರೆ ಬಿಳಿ ಹರಳು, ರುಚಿ ಹುಳಿ. ತಿಂಗಳುಗಟ್ಟಲೆ ಅದು ದೇಹಕ್ಕೆ ಸಿಗದೆ ಹೋದರೆ ಮನುಷ್ಯ ರೋಗಕ್ಕೆ ತುತ್ತಾಗಿ ಸಾಯುತ್ತಾನೆ. ಅದೇ ಸಿ ಜೀವಸತ್ವ, ಅಂದರೆ ವಿಟಮಿನ್ ಸಿ.

ಈ ಹರಳನ್ನು ಮೆಣಸಿನಕಾಯಿಯಿಂದ ಮೊದಲ ಬಾರಿಗೆ ಕಿಲೋ ಲೆಕ್ಕದಲ್ಲಿ ತೆಗೆದು ತೋರಿಸಿದವರು ಹಂಗೇರಿ ದೇಶದ ವಿಜ್ಞಾನಿ ಆಲ್ಬರ್ಟ್ ಸೆಂಟ್‌ಗ್ಯೋರ್ಗಿ. ಅವರ ಜೀವನದ ಕಥೆಯನ್ನು ಓದೋಣ. ಆಮೇಲೆ ನಮ್ಮ ಮನೆಯಂಗಳದಲ್ಲೇ ಒಂದು ಮೆಣಸಿನ ಗಿಡ ಬೆಳೆಸಿ, ಅವರು ಹುಡುಕಿದ ವಸ್ತುವನ್ನು ನಾವೂ ಹುಡುಕೋಣ.

ಎರಡು ಊರು, ಒಂದೇ ಗಿಡ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ಹಿರಣ್ಯಕೇಶಿ ನದಿಯ ದಂಡೆಯ ಮೇಲೆ ಸಂಕೇಶ್ವರ ಇದೆ. ಈ ಊರಿನ ಹೆಸರನ್ನೇ ಹೊತ್ತ ಸಂಕೇಶ್ವರಿ ಮೆಣಸಿನಕಾಯಿ ಉದ್ದ, ತೆಳ್ಳಗೆ ಇರುತ್ತದೆ, ಖಾರಕ್ಕೆ ಹೆಸರುವಾಸಿ. ಗೋಕಾಕ, ಮೂಡಲಗಿ ಕಡೆಯ ಮಕ್ಕಳಿಗೂ ಈ ಹೆಸರು ಹೊಸದಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯಾದರೋ ಸುಕ್ಕುಸುಕ್ಕಾಗಿ, ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಎಂಬ ಮಾನ್ಯತೆಯೂ ಸಿಕ್ಕಿತು.

ಈಗ ನಕಾಶೆಯಲ್ಲಿ ಯುರೋಪ್ ಖಂಡವನ್ನು ನೋಡಿ. ಅದರ ನಡುವೆ ಹಂಗೇರಿ ಎಂಬ ಪುಟ್ಟ ದೇಶ ಕಾಣುತ್ತದೆ. ಅದರ ದಕ್ಷಿಣಕ್ಕೆ, ಟಿಸಾ ನದಿಯ ದಂಡೆಯ ಮೇಲೆ ಸೆಗೆಡ್ ಎಂಬ ಪಟ್ಟಣವಿದೆ. ಅಲ್ಲಿನ ಜನ ಕೆಂಪು ಮೆಣಸಿನಕಾಯಿಗೆ ಪ್ಯಾಪ್ರಿಕಾ ಎನ್ನುತ್ತಾರೆ. ನಮ್ಮಲ್ಲಿ ಸಂಕೇಶ್ವರ, ಬ್ಯಾಡಗಿ ಇದ್ದ ಹಾಗೆ ಅಲ್ಲಿ ಸೆಗೆಡ್. ಸಂಕೇಶ್ವರಿ, ಬ್ಯಾಡಗಿ, ಪ್ಯಾಪ್ರಿಕಾ ಮೂರೂ ಒಂದೇ ಜಾತಿಯ ಸಸ್ಯದ ಬೇರೆ ಬೇರೆ ತಳಿಗಳು. ಆ ಸಸ್ಯದ ವೈಜ್ಞಾನಿಕ ಹೆಸರು ಕ್ಯಾಪ್ಸಿಕಂ ಆನ್ಯುಯಂ.

ಈ ಗಿಡದ ತವರು ಅಮೆರಿಕ ಖಂಡ. ಸುಮಾರು 500 ವರ್ಷಗಳ ಹಿಂದೆ ನಮ್ಮ ನಾಡಿನವರಿಗೆ ಮೆಣಸಿನಕಾಯಿ ಗೊತ್ತೇ ಇರಲಿಲ್ಲ. ಖಾರಕ್ಕೆ ಬಳಸುತ್ತಿದ್ದುದು ಕರಿಮೆಣಸು, ಶುಂಠಿ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ ಭಾರತಕ್ಕೆ ಬಂತು. ಮೆಣಸಿನಂತೆ ಖಾರವಿದ್ದ ಈ ಹೊಸ ಕಾಯಿಗೆ ನಮ್ಮವರು ಮೆಣಸಿನಕಾಯಿ ಎಂದೇ ಹೆಸರಿಟ್ಟರು.

ಹಡಗಿನ ರೋಗ

ಆ ಕಾಲದಲ್ಲಿ ದೂರದ ಸಮುದ್ರಯಾನ ಎಂದರೆ ತಿಂಗಳುಗಟ್ಟಲೆ ನೀರಿನ ಮೇಲೆ ಇರಬೇಕಿತ್ತು. ಊಟಕ್ಕೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ. ಹಣ್ಣು, ತರಕಾರಿ ಇಲ್ಲ. ಎರಡು ಮೂರು ತಿಂಗಳಾಗುತ್ತಲೇ ನಾವಿಕರ ವಸಡು ಬಾತು ರಕ್ತ ಸುರಿಯುತ್ತಿತ್ತು. ಹಲ್ಲು ಅಲುಗಾಡುತ್ತಿದ್ದವು. ಹಳೆಯ ಗಾಯಗಳು ಬಿಚ್ಚಿಕೊಳ್ಳುತ್ತಿದ್ದವು. ಕೊನೆಗೆ ಸಾವು. ಈ ರೋಗವೇ ಸ್ಕರ್ವಿ. 1498ರಲ್ಲಿ ಕಲ್ಲಿಕೋಟೆ ತಲುಪಿದ ವಾಸ್ಕೋ ಡ ಗಾಮನ ಯಾನದಲ್ಲಿಯೂ ಬಹಳ ನಾವಿಕರು ಇದರಿಂದಲೇ ಸತ್ತರು.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಗೆಯ ಮದ್ದು ಕೊಟ್ಟು ನೋಡಿದ. ಕಿತ್ತಳೆ, ಲಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಹಣ್ಣಿನಲ್ಲಿ ಏನೋ ಇದೆ ಎಂದು ಗೊತ್ತಾಯಿತು. ಆದರೆ ಆ ವಸ್ತು ಯಾವುದು? ಆ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಸುಮಾರು 185 ವರ್ಷ ಬೇಕಾಯಿತು.

ದಡ್ಡನೆನಿಸಿಕೊಂಡ ಹುಡುಗ

ಆಲ್ಬರ್ಟ್ ಹುಟ್ಟಿದ್ದು 1893ರ ಸೆಪ್ಟೆಂಬರ್ 16ರಂದು, ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ. ತಾಯಿಯ ತವರಿನಲ್ಲಿ ವಿಜ್ಞಾನದ ವಾತಾವರಣವಿತ್ತು. ಸೋದರಮಾವ ಮಿಹಾಯ್ ಲೆನ್ಹೊಸೆಕ್ ಹೆಸರಾಂತ ಅಂಗರಚನಾಶಾಸ್ತ್ರಜ್ಞರು. ಆದರೆ ಬಾಲಕ ಆಲ್ಬರ್ಟ್‌ಗೆ ಪುಸ್ತಕವೆಂದರೆ ಆಗುತ್ತಿರಲಿಲ್ಲ. ಅಳಿಯ ಓದಿನಲ್ಲಿ ಹಿಂದುಳಿದವನೆಂದು ಮಾವ ಚಿಂತಿಸಿದ್ದರು. ಹದಿನಾರರ ಸುಮಾರಿಗೆ ಅವನಿಗೆ ಇದ್ದಕ್ಕಿದ್ದಂತೆ ಓದಿನ ರುಚಿ ಹತ್ತಿತು. ಒಳ್ಳೆಯ ಅಂಕ ಪಡೆದು 1911ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದ.

1914ರಲ್ಲಿ ಮೊದಲನೇ ಮಹಾಯುದ್ಧ ಆರಂಭವಾಯಿತು. ಓದು ಬಿಟ್ಟು ಸೈನ್ಯದ ವೈದ್ಯಕೀಯ ದಳಕ್ಕೆ ಹೋಗಬೇಕಾಯಿತು. ಯುದ್ಧದ ಸಾವುನೋವು ಕಂಡು ಅವರ ಮನಸ್ಸು ರೋಸಿತು. ತೋಳಿಗೆ ಗುಂಡಿನ ಗಾಯವಾಗಿ ಊರಿಗೆ ಮರಳಿ, 1917ರಲ್ಲಿ ವೈದ್ಯ ಪದವಿ ಮುಗಿಸಿದರು. ಅದೇ ವರ್ಷ ಅವರ ಮದುವೆಯಾಯಿತು. ಯುದ್ಧ ಮುಗಿದಾಗ ದೇಶ ಬಡವಾಗಿತ್ತು. ಹೆಂಡತಿ, ಪುಟ್ಟ ಮಗಳನ್ನು ಕರೆದುಕೊಂಡು ಕೆಲಸ ಅರಸಿ ಊರಿಂದೂರಿಗೆ ಅಲೆದರು. ಕೊನೆಗೆ ನೆದರ್‌ಲೆಂಡ್ಸ್ ದೇಶದ ಗ್ರೋನಿಂಗೆನ್‌ನಲ್ಲಿ ನೆಲೆ ಸಿಕ್ಕಿತು.

ಕೊಯ್ದ ಹಣ್ಣು ಏಕೆ ಕಪ್ಪಾಗುತ್ತದೆ?

ನಿಮ್ಮ ಅವ್ವ ಬದನೆಕಾಯಿ ಹೆಚ್ಚಿದ ಕೂಡಲೇ ನೀರಿಗೆ ಹಾಕುವುದನ್ನು ನೋಡಿದ್ದೀರಾ? ಹಾಗೇ ಬಿಟ್ಟರೆ ಹೋಳು ಕಪ್ಪಾಗುತ್ತದೆ. ಆಲೂಗಡ್ಡೆ, ಬಾಳೆಹಣ್ಣು, ಸೇಬು ಕೂಡ ಹಾಗೆಯೇ. ಗಾಳಿಯಲ್ಲಿರುವ ಆಕ್ಸಿಜನ್ ಅವುಗಳ ರಸದೊಡನೆ ವರ್ತಿಸುವುದೇ ಇದಕ್ಕೆ ಕಾರಣ. ಆದರೆ ಲಿಂಬೆ, ಕಿತ್ತಳೆ ಕೊಯ್ದಿಟ್ಟರೆ ಕಪ್ಪಾಗುವುದಿಲ್ಲ. ಏಕೆ?

ಸಾಮಾನ್ಯರು ನೋಡಿ ಸುಮ್ಮನಾಗುವ ಈ ಪ್ರಶ್ನೆಯನ್ನು ಆಲ್ಬರ್ಟ್ ಹಿಡಿದು ಕುಳಿತರು. ಕಪ್ಪಾಗುವ ಕ್ರಿಯೆ ನಡೆಯುವಲ್ಲಿ ಸ್ವಲ್ಪ ಹಣ್ಣಿನ ರಸ ಸೇರಿಸಿದರೆ ಆ ಕ್ರಿಯೆ ತುಸು ತಡವಾಗುತ್ತಿತ್ತು. ಅಂದರೆ ರಸದಲ್ಲಿರುವ ಯಾವುದೋ ವಸ್ತು ಆಕ್ಸಿಜನ್ನಿನ ಕೆಲಸಕ್ಕೆ ಅಡ್ಡ ಬರುತ್ತಿತ್ತು. ಅಂಥದೇ ವಸ್ತು ಪ್ರಾಣಿಗಳ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿಯೂ ಅವರಿಗೆ ಕಂಡಿತು.

ಆದರೆ 1926ರಲ್ಲಿ ಅವರಿಗೆ ಗ್ರೋನಿಂಗೆನ್‌ನಲ್ಲಿ ಉಳಿಯಲಾಗಲಿಲ್ಲ. ಹೆಂಡತಿ, ಮಗಳನ್ನು ತವರಿಗೆ ಕಳುಹಿಸಿದರು. ಕೊನೆಯದಾಗಿ ಒಂದು ವಿಜ್ಞಾನ ಸಮ್ಮೇಳನ ನೋಡಿ ಬರೋಣವೆಂದು ಸ್ವೀಡನ್ ದೇಶದ ಸ್ಟಾಕ್‌ಹೋಮ್‌ಗೆ ಹೋದರು. ಅಲ್ಲಿ ಹಿರಿಯ ವಿಜ್ಞಾನಿ ಫ್ರೆಡರಿಕ್ ಹಾಪ್ಕಿನ್ಸ್ ತಮ್ಮ ಭಾಷಣದಲ್ಲಿ ಆಲ್ಬರ್ಟ್ ಅವರ ಕೆಲಸವನ್ನು ಹೆಸರಿಸಿ ಮೆಚ್ಚಿದರು. ಬಳಿಕ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಕರೆಸಿಕೊಂಡರು.

ಹೆಸರಿಲ್ಲದ ಬಿಳಿ ಹರಳು

ಕೇಂಬ್ರಿಜ್‌ನಲ್ಲಿ ಆಲ್ಬರ್ಟ್ ಎತ್ತಿನ ಅಡ್ರಿನಲ್ ಗ್ರಂಥಿ, ಕಿತ್ತಳೆ ಮತ್ತು ಎಲೆಕೋಸುಗಳಿಂದ ಆ ವಸ್ತುವಿನ ಹರಳನ್ನು ಬೇರ್ಪಡಿಸಿದರು. ಅದು ಸಕ್ಕರೆಗೆ ಹತ್ತಿರದ ವಸ್ತು. ಅಷ್ಟು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ತಮಾಷೆಯ ಸ್ವಭಾವದ ಅವರು ತನಗೆ ಗೊತ್ತಿಲ್ಲದ ಸಕ್ಕರೆ ಎಂಬ ಅರ್ಥ ಬರುವ ಹೆಸರಿಟ್ಟು ಪತ್ರಿಕೆಗೆ ಲೇಖನ ಕಳುಹಿಸಿದರು. ಸಂಪಾದಕರು ಒಪ್ಪಲಿಲ್ಲ. ದೇವರಿಗೇ ಗೊತ್ತು ಎಂಬ ಅರ್ಥದ ಇನ್ನೊಂದು ಹೆಸರು ಸೂಚಿಸಿದರು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಕೊನೆಗೆ 1928ರಲ್ಲಿ ಹೆಕ್ಸುರೋನಿಕ್ ಆಮ್ಲ ಎಂಬ ಗಂಭೀರ ಹೆಸರಿನಲ್ಲಿ ಲೇಖನ ಅಚ್ಚಾಯಿತು.

ಮುಂದಿನ ತೊಂದರೆ ಎಂದರೆ ವಸ್ತುವಿನ ಕೊರತೆ. ಅದರ ರಚನೆ ತಿಳಿಯಬೇಕಾದರೆ ಸಾಕಷ್ಟು ಹರಳು ಬೇಕು. ಆಲ್ಬರ್ಟ್ ಅಮೆರಿಕಕ್ಕೆ ಹೋಗಿ, ಕಸಾಯಿಖಾನೆಗಳಿಂದ ರಾಶಿರಾಶಿ ಗ್ರಂಥಿಗಳನ್ನು ತರಿಸಿ ಸುಮಾರು ಒಂದು ವರ್ಷ ದುಡಿದರು. ಕೊನೆಗೆ ಕೈಗೆ ಬಂದದ್ದು ಸುಮಾರು 25 ಗ್ರಾಂ ಮಾತ್ರ. ಅದರಲ್ಲಿ ಒಂದು ಪಾಲನ್ನು ಇಂಗ್ಲೆಂಡಿನ ರಸಾಯನ ವಿಜ್ಞಾನಿ ನಾರ್ಮನ್ ಹೆವರ್ತ್ ಅವರಿಗೆ ಕೊಟ್ಟರು. ರಚನೆ ಬಿಡಿಸಲು ಅದು ಸಾಲಲಿಲ್ಲ. ಕಿತ್ತಳೆ, ಲಿಂಬೆಯಿಂದ ತೆಗೆಯಬಹುದಲ್ಲ ಎನ್ನುತ್ತೀರಾ? ಆ ರಸದಲ್ಲಿರುವ ಸಕ್ಕರೆ ಈ ವಸ್ತುವಿನೊಡನೆ ಬೆರೆತು, ಶುದ್ಧ ಹರಳು ತೆಗೆಯುವುದು ಬಹಳ ಕಷ್ಟವಾಗುತ್ತಿತ್ತು.

1930ರ ದಶಕದ ಆರಂಭದಲ್ಲಿ ತಾಯ್ನಾಡಿನಿಂದ ಕರೆ ಬಂತು. ಆಲ್ಬರ್ಟ್ ಸೆಗೆಡ್‌ನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಗೆ ಅಮೆರಿಕದಿಂದ ಜೋಸೆಫ್ ಸ್ವಿರ್ಬೆಲಿ ಎಂಬ ತರುಣ ವಿಜ್ಞಾನಿ ಬಂದರು. ಒಂದು ಆಹಾರದಲ್ಲಿ ಸಿ ಜೀವಸತ್ವ ಇದೆಯೋ ಇಲ್ಲವೋ ಎಂದು ಗಿನಿ ಇಲಿಗಳ ಮೇಲೆ ಪರೀಕ್ಷಿಸುವುದು ಅವರಿಗೆ ಗೊತ್ತಿತ್ತು. ಗಿನಿ ಇಲಿಯೇ ಏಕೆ ಗೊತ್ತೇ? ಬಹುಪಾಲು ಪ್ರಾಣಿಗಳು ಸಿ ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಮಂಗ, ಗಿನಿ ಇಲಿಗಳಿಗೆ ಆ ಶಕ್ತಿಯಿಲ್ಲ.

ಆಲ್ಬರ್ಟ್ ತಮ್ಮಲ್ಲಿ ಉಳಿದಿದ್ದ ಹರಳನ್ನು ಸ್ವಿರ್ಬೆಲಿಯವರ ಕೈಗಿಟ್ಟರು. ಗಿನಿ ಇಲಿಗಳ ಗುಂಪುಗಳಿಗೆ ಕುದಿಸಿದ ಆಹಾರ ಕೊಡಲಾಯಿತು. ಒಂದು ಗುಂಪಿಗೆ ಅದರ ಜೊತೆ ದಿನಕ್ಕೆ ಕೇವಲ 1 ಮಿಲಿಗ್ರಾಂ ಹರಳು. ಹರಳು ಸಿಗದ ಇಲಿಗಳು ಕೆಲವೇ ವಾರಗಳಲ್ಲಿ ಸ್ಕರ್ವಿಯಿಂದ ಸತ್ತವು. ಹರಳು ತಿಂದವು ಚುರುಕಾಗಿ ಬೆಳೆದವು. ಹೆಕ್ಸುರೋನಿಕ್ ಆಮ್ಲವೇ ಸಿ ಜೀವಸತ್ವ! 1932ರಲ್ಲಿ ಈ ಸಂಗತಿ ಪ್ರಕಟವಾಯಿತು. ಅಮೆರಿಕದ ಚಾರ್ಲ್ಸ್ ಗ್ಲೆನ್ ಕಿಂಗ್ ಕೂಡ ಅದೇ ವರ್ಷ, ಕೆಲವು ದಿನ ಮೊದಲೇ, ಇದೇ ಫಲಿತಾಂಶ ಪ್ರಕಟಿಸಿದ್ದರು. ಯಾರು ಮೊದಲು ಎಂಬ ವಾದ ಬಹಳ ಕಾಲ ನಡೆಯಿತು.

ತಟ್ಟೆಯಲ್ಲಿದ್ದ ಮೆಣಸಿನಕಾಯಿ

ಉತ್ತರ ಸಿಕ್ಕಿತು, ಆದರೆ ಹರಳು ಮುಗಿದಿತ್ತು. ಇನ್ನಷ್ಟು ಹರಳು ಎಲ್ಲಿಂದ ತರುವುದು? ಆಗ ನಡೆದ ಒಂದು ಘಟನೆಯನ್ನು ಆಲ್ಬರ್ಟ್ ಮುಂದೆ ನೆನಪಿಸಿಕೊಂಡಿದ್ದಾರೆ. ಒಂದು ರಾತ್ರಿ ಊಟಕ್ಕೆ ಅವರ ಹೆಂಡತಿ ಹಸಿ ಕೆಂಪು ಮೆಣಸಿನಕಾಯಿ ಬಡಿಸಿದರು. ಅವರಿಗೆ ಅದನ್ನು ತಿನ್ನುವ ಮನಸ್ಸಿರಲಿಲ್ಲ. ತಪ್ಪಿಸಿಕೊಳ್ಳುವುದು ಹೇಗೆ ಎಂದು ಯೋಚಿಸುತ್ತಿದ್ದಾಗ, ಇಷ್ಟೆಲ್ಲ ಗಿಡಗಳನ್ನು ಪರೀಕ್ಷಿಸಿದರೂ ಇದೊಂದನ್ನು ಪರೀಕ್ಷಿಸಿಲ್ಲವಲ್ಲ ಎಂದು ಹೊಳೆಯಿತು. ಮೆಣಸಿನಕಾಯಿ ಹಿಡಿದು ನೇರವಾಗಿ ಪ್ರಯೋಗಾಲಯಕ್ಕೆ ಹೋದರು. ನಡುರಾತ್ರಿಯ ಹೊತ್ತಿಗೆ ಅದರಲ್ಲಿ ಸಿ ಜೀವಸತ್ವ ತುಂಬಿ ತುಳುಕುತ್ತಿರುವುದು ತಿಳಿಯಿತು. ಕಿತ್ತಳೆಯ ರಸದಲ್ಲಿ ಕಾಡುತ್ತಿದ್ದ ಸಕ್ಕರೆಯ ತೊಂದರೆಯೂ ಇಲ್ಲಿರಲಿಲ್ಲ.

ಸೆಗೆಡ್‌ನ ಸಂತೆಯಲ್ಲಿ ಮೆಣಸಿನಕಾಯಿಗೆ ಬರವೇ? ಕೆಲವೇ ವಾರಗಳಲ್ಲಿ ಒಂದು ಕಿಲೋಗಿಂತಲೂ ಹೆಚ್ಚು ಶುದ್ಧ ಹರಳು ಸಿದ್ಧವಾಯಿತು. ಒಂದು ವರ್ಷ ದುಡಿದು ಪಡೆದ 25 ಗ್ರಾಂ ಎಲ್ಲಿ, ಇದೆಲ್ಲಿ! ಲೋಕವೆಲ್ಲ ಹುಡುಕುತ್ತಿದ್ದ ವಸ್ತು ಊರಿನ ಪ್ರತಿ ಅಡುಗೆಮನೆಯಲ್ಲೂ ಇತ್ತು. ಅದನ್ನು ನೋಡಲು ಸರಿಯಾದ ಪ್ರಶ್ನೆ ತಲೆಯಲ್ಲಿರಬೇಕಿತ್ತು, ಅಷ್ಟೇ.

ಆಲ್ಬರ್ಟ್ ಆ ಹರಳನ್ನು ಬಚ್ಚಿಡಲಿಲ್ಲ. ಅಧ್ಯಯನ ಮಾಡಬಯಸಿದ ಬೇರೆ ದೇಶಗಳ ವಿಜ್ಞಾನಿಗಳಿಗೆ ಹಂಚಿದರು. ಹೆವರ್ತ್ 1933ರಲ್ಲಿ ಅದರ ರಚನೆಯನ್ನು ಬಿಡಿಸಿದರು. ಸ್ಕರ್ವಿಯನ್ನು ತಡೆಯುವ ಆಮ್ಲ ಎಂಬ ಅರ್ಥದಲ್ಲಿ ಅದಕ್ಕೆ ಆಸ್ಕಾರ್ಬಿಕ್ ಆಮ್ಲ ಎಂಬ ಹೊಸ ಹೆಸರು ಬಂತು. ರಚನೆ ತಿಳಿದ ಮೇಲೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸುವುದೂ ಸಾಧ್ಯವಾಯಿತು. 1937ರಲ್ಲಿ ಆಲ್ಬರ್ಟ್ ಅವರಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ, ಅದೇ ವರ್ಷ ಹೆವರ್ತ್ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ಯುದ್ಧದಲ್ಲಿ ಪುಟ್ಟ ದೇಶ ಫಿನ್ಲೆಂಡ್ ಸಂಕಟದಲ್ಲಿದ್ದಾಗ ಆಲ್ಬರ್ಟ್ ತಮ್ಮ ನೊಬೆಲ್ ಚಿನ್ನದ ಪದಕವನ್ನೇ ಅದರ ನೆರವಿಗೆ ಕೊಟ್ಟುಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಆಡಳಿತವನ್ನು ವಿರೋಧಿಸಿ, ಸೆರೆಯಾಗದಂತೆ ತಲೆಮರೆಸಿಕೊಂಡು ಬದುಕಿದರು. ಸ್ನಾಯುಗಳು ಹೇಗೆ ಕುಗ್ಗುತ್ತವೆ ಎಂಬುದರ ಬಗ್ಗೆಯೂ ಮಹತ್ವದ ಸಂಶೋಧನೆ ಮಾಡಿದರು. 1947ರಲ್ಲಿ ಅಮೆರಿಕಕ್ಕೆ ಹೋಗಿ ವುಡ್ಸ್ ಹೋಲ್ ಎಂಬಲ್ಲಿ ನೆಲೆಸಿದರು. ಕೊನೆಯವರೆಗೂ ಪ್ರಯೋಗ ಬಿಡಲಿಲ್ಲ. 1986ರ ಅಕ್ಟೋಬರ್ 22ರಂದು, ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು.

ನಿಮ್ಮ ಮನೆಯಲ್ಲೊಂದು ಮೆಣಸಿನ ಗಿಡ

ಹಸಿ ಮೆಣಸಿನಕಾಯಿ ಬೇಕೆಂದರೆ ಗಿಡವನ್ನೇ ಬೆಳೆಸೋಣ. ಹೊಲವೇ ಬೇಕಿಲ್ಲ. ಹಳೆಯ ಡಬ್ಬಿ ಅಥವಾ ಒಡೆದ ಕೊಡ ಸಾಕು. ನೀರು ಬಸಿಯಲು ಅಡಿಯಲ್ಲಿ ತೂತು ಇರಲಿ.

ಮೊದಲು ಬೀಜ. ರೋಗವಿಲ್ಲದ ಗಿಡದಲ್ಲಿ ಚೆನ್ನಾಗಿ ಕೆಂಪಾದ, ಹುಳುಕಿಲ್ಲದ ಕಾಯಿ ಆರಿಸಿ. ಸಂಕೇಶ್ವರಿಯ ನಾಟಿ ತಳಿ ಸಿಕ್ಕರೆ ಒಳ್ಳೆಯದು. ಬೀಜ ಬಿಡಿಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಲ್ಲಿ ಒಣಗಿಸಿದ ಅಡುಗೆಮನೆಯ ಮೆಣಸಿನಕಾಯಿಯ ಬೀಜವೂ ಮೊಳೆಯಬಹುದು, ಹುರಿದದ್ದು ಮೊಳೆಯುವುದಿಲ್ಲ. ಅಂಗಡಿಯ ಪೊಟ್ಟಣದ ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ. ಅದನ್ನು ಬಾಯಿಗೆ ಹಾಕಬಾರದು, ಮುಟ್ಟಿದ ಕೈ ತೊಳೆಯಬೇಕು.

ಬಿತ್ತುವ ಮೊದಲು ಬೀಜದ ಶಕ್ತಿ ಪರೀಕ್ಷಿಸಿ. 10 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಡಿ. ಬಟ್ಟೆ ಒಣಗದಿರಲಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ ಬರುತ್ತದೆ. 7 ಮೊಳೆತರೆ ಮೊಳಕೆ ಪ್ರಮಾಣ ಶೇಕಡ 70. ಬೀಜ ಹಳೆಯದಾದಷ್ಟೂ ಈ ಪ್ರಮಾಣ ಇಳಿಯುತ್ತದೆ.

ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ ಡಬ್ಬಿಗೆ ತುಂಬಿ. ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ ಮಣ್ಣು ಮುಚ್ಚಿ, ನೀರು ಚಿಮುಕಿಸಿ. ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೀಜ ಚೆನ್ನಾಗಿ ಮೊಳೆಯುತ್ತದೆ. ನೀರು ಅತಿಯಾದರೆ ಸಸಿಯ ಬುಡ ಕೊಳೆತು ಬಿದ್ದುಹೋಗುತ್ತದೆ. ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಐದಾರು ವಾರಕ್ಕೆ ಸಸಿ ಗೇಣುದ್ದವಾಗುತ್ತದೆ. ಆಗ ಸಂಜೆ ಹೊತ್ತಿನಲ್ಲಿ, ಬೇರಿಗೆ ಅಂಟಿದ ಮಣ್ಣಿನ ಸಮೇತ ಎತ್ತಿ ದೊಡ್ಡ ಕುಂಡಕ್ಕೋ ಹಿತ್ತಲಿಗೋ ನೆಡಿ. ಬಿಸಿಲು ಚೆನ್ನಾಗಿ ಬೀಳುವ ಜಾಗವಿರಲಿ. ಎಲೆ ಮುದುಡತೊಡಗಿದರೆ ಅಡಿಭಾಗದಲ್ಲಿ ಸಣ್ಣ ಕೀಟಗಳಿವೆಯೇ ನೋಡಿ. ಬೇವಿನ ಬೀಜದ ಕಷಾಯ ಸಿಂಪಡಿಸಿ. ಶಾಲೆ ಶುರುವಾಗುವ ಜೂನ್‌ನಲ್ಲಿ ಬಿತ್ತಿದರೆ ದಸರೆ, ದೀಪಾವಳಿಯ ಹೊತ್ತಿಗೆ ಕಾಯಿ ಸಿಗುತ್ತದೆ.

ಕಾಯಿ ಸೀಳಿ ನೋಡಿ. ಬೀಜಗಳು ಅಂಟಿಕೊಂಡಿರುವ ಬಿಳಿ ಭಾಗ ಕಾಣುತ್ತದಲ್ಲ, ಕ್ಯಾಪ್ಸೈಸಿನ್ ಎಂಬ ಖಾರದ ವಸ್ತು ಹೆಚ್ಚಾಗಿ ತಯಾರಾಗುವುದು ಅಲ್ಲಿಯೇ, ಬೀಜದಲ್ಲಲ್ಲ. ಹಿಂದೆ ಸೆಗೆಡ್‌ನ ಹೆಂಗಸರು ಖಾರ ಕಡಿಮೆ ಮಾಡಲು ಈ ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಕಾಯಿ ಮುಟ್ಟಿದ ಕೈಯನ್ನು ಕಣ್ಣಿಗೆ ತಾಗಿಸಬೇಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಕೈಗೆ ಎಣ್ಣೆ ಸವರಿ, ಸಾಬೂನಿನಿಂದ ತೊಳೆಯಿರಿ.

ಪರೀಕ್ಷಿಸಿ ನೋಡಿ

ಈ ಪ್ರಯೋಗವನ್ನು ಶಿಕ್ಷಕರ ಜೊತೆ ಮಾಡಿ. ಬೇಕಾಗುವುದು: ತಿಳಿಯಾದ ಅನ್ನದ ಗಂಜಿ, ಔಷಧಿ ಅಂಗಡಿಯ ಟಿಂಕ್ಚರ್ ಅಯೊಡಿನ್, ಹಸಿ ಮೆಣಸಿನಕಾಯಿ, ಲಿಂಬೆಹಣ್ಣು, ಒಣಮೆಣಸಿನಕಾಯಿ.

ಗಂಜಿಗೆ ಸಾಕಷ್ಟು ನೀರು ಬೆರೆಸಿ ಒಂದೆರಡು ಹನಿ ಅಯೊಡಿನ್ ಹಾಕಿ. ಕಡುನೀಲಿ ಬಣ್ಣ ಬರುತ್ತದೆ. ಇದನ್ನು ಮೂರು ಲೋಟಗಳಿಗೆ ಸಮನಾಗಿ ಹಂಚಿ. ಹಸಿ ಮೆಣಸಿನಕಾಯಿ ಜಜ್ಜಿ, ಸ್ವಲ್ಪ ನೀರು ಸೇರಿಸಿ ಸೋಸಿ. ಅಷ್ಟೇ ತೂಕದ ಒಣಮೆಣಸಿನಕಾಯಿಯನ್ನು ಅಷ್ಟೇ ನೀರಿನಲ್ಲಿ ನೆನೆಸಿ ಸೋಸಿ. ಮೂರನೆಯದು ಲಿಂಬೆರಸ. ಒಂದೊಂದನ್ನು ಒಂದೊಂದು ಲೋಟಕ್ಕೆ ಹನಿಹನಿಯಾಗಿ ಹಾಕುತ್ತ ನೀಲಿ ಬಣ್ಣ ಹೋಗಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿ. ಕಡಿಮೆ ಹನಿಗೆ ಬಣ್ಣ ಹೋದರೆ ಸಿ ಜೀವಸತ್ವ ಹೆಚ್ಚು ಎಂದು ಸ್ಥೂಲವಾಗಿ ತಿಳಿಯಬಹುದು. ಮುಗಿದ ಮೇಲೆ ಎಲ್ಲವನ್ನೂ ಚೆಲ್ಲಿಬಿಡಿ, ಕುಡಿಯಬಾರದು.

100 ಗ್ರಾಂ ಹಸಿ ಮೆಣಸಿನಕಾಯಿಯಲ್ಲಿ ಸುಮಾರು 100 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಅಷ್ಟೇ ಕಿತ್ತಳೆಯಲ್ಲಿ ಸುಮಾರು ಅರ್ಧದಷ್ಟು. ಬಿಸಿಲಲ್ಲಿ ಒಣಗಿಸಿದಾಗ, ಬಹಳ ಹೊತ್ತು ಬೇಯಿಸಿದಾಗ ಅದು ನಷ್ಟವಾಗುತ್ತದೆ. ಹಾಗೆಂದು 100 ಗ್ರಾಂ ಖಾರದ ಮೆಣಸಿನಕಾಯಿ ತಿನ್ನಲು ಯಾರಿಂದಲೂ ಆಗದು, ತಿನ್ನಲೂ ಬಾರದು! ನಮಗೆ ನೆಲ್ಲಿಕಾಯಿ, ಪೇರಲ, ಲಿಂಬೆ ಇವೆ. ಅವನ್ನು ತಿನ್ನಿ. ಊಟದಲ್ಲಿ ಹಸಿ ಮೆಣಸಿನಕಾಯಿಯ ರುಚಿಯೂ ಇರಲಿ.

ಇನ್ನೊಂದು ಕೆಲಸ ಮರೆಯಬೇಡಿ. ಗಿಡದಲ್ಲಿ ಎರಡು ಒಳ್ಳೆಯ ಕಾಯಿಗಳನ್ನು ಕೀಳದೆ ಪೂರ್ತಿ ಕೆಂಪಾಗಲು ಬಿಡಿ. ನಾಟಿ ತಳಿಯ ಬೀಜ ಉಳಿಯುವುದು ಯಾರಾದರೂ ಪ್ರತಿ ವರ್ಷ ಎತ್ತಿಟ್ಟು ಬಿತ್ತಿದರೆ ಮಾತ್ರ. ಹತ್ತಿರದಲ್ಲಿ ಬೇರೆ ತಳಿಯ ಗಿಡವಿದ್ದರೆ ಜೇನುನೊಣ ಪರಾಗ ತಂದು ತಳಿ ಬೆರಕೆಯಾಗಬಹುದು. ಹೂ ಬಿಡುವ ಮೊದಲೇ ಒಂದು ರೆಂಬೆಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದರೆ ಅದರೊಳಗಿನ ಕಾಯಿಗಳು ಬೀಜಕ್ಕೆ ಯೋಗ್ಯ. ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ಮೇಲೆ ತಳಿಯ ಹೆಸರು, ಊರು, ತಿಂಗಳು ಬರೆಯಿರಿ. ಸ್ವಲ್ಪ ನೀವಿಟ್ಟುಕೊಳ್ಳಿ, ಉಳಿದದ್ದನ್ನು ಗೆಳೆಯರಿಗೆ ಹಂಚಿ. ನಿಮ್ಮ ಗಿಡದ ಎತ್ತರ, ಹೂ ಬಿಟ್ಟ ದಿನ, ಕಾಯಿಗಳ ಸಂಖ್ಯೆ, ಹನಿಗಳ ಲೆಕ್ಕ ಎಲ್ಲವನ್ನೂ ಒಂದು ಪಟ್ಟಿ ಮಾಡಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.